ಮುಗಿಲಿನ ವಿಶೇಷಣಗಳು

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಸೀಮೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಕೆರೆ ತುಂಬಬೇಕಾದರೂ ರಾಗಿಯ ಪೈರು ಏಳಬೇಕಾದರೂ ಮುಗಿಲನ್ನೇ ನಂಬಬೇಕು. ಆದಕಾರಣ ಮೋಡವನ್ನು ಕಂಡೊಡನೆ ಇಲ್ಲಿಯ ರೈತನ ಮನಸ್ಸಿನಲ್ಲಿ ಏಳುವ ಪ್ರಶ್ನೆ ಒಂದೇ: ಇದು ಸುರಿಯುವ ಮೋಡವೋ, ಬರಿದೆ ಹಾದುಹೋಗುವ ಮೋಡವೋ? ಮೋಡಗಳಿಗೆ ಇಟ್ಟಿರುವ ಹೆಸರುಗಳನ್ನು ಬಿಡಿಸಿ ನೋಡಿದರೆ ಉತ್ತರದ ಒಂದಂಶ ಅವುಗಳಲ್ಲಿಯೇ ದೊರೆಯುತ್ತದೆ.

1802ರಲ್ಲಿ ಲಂಡನ್ನಿನ ಔಷಧ ತಯಾರಕನಾದ ಲ್ಯೂಕ್ ಹೊವಾರ್ಡನು ಮೋಡಗಳನ್ನು ಆಕಾರಕ್ಕನುಸಾರವಾಗಿ ವಿಂಗಡಿಸಿ ಲ್ಯಾಟಿನ್ ಹೆಸರುಗಳನ್ನಿಟ್ಟನು. 'ಸಿರಸ್' ಎಂದರೆ ಕೂದಲ ಸುರುಳಿ. 'ಕ್ಯುಮುಲಸ್' ಎಂದರೆ ರಾಶಿ. 'ಸ್ಟ್ರೇಟಸ್' ಎಂದರೆ ಹರಡಿದ ಹಾಸು. 'ನಿಂಬಸ್' ಎಂದರೆ ಮಳೆಮೋಡ. ನಂದಿಬೆಟ್ಟದ ನೆತ್ತಿಯಲ್ಲಿ ನಿಂತವರಿಗೆ ಚಳಿಗಾಲದ ಮುಂಜಾವದಲ್ಲಿ ಕೆಳಗೆ ಕಾಣುವ ಬಿಳಿಯ ಹಾಸು ಸ್ಟ್ರೇಟಸ್ ಜಾತಿಯದು.

ತರುವಾಯ ಇವುಗಳಿಗೆ ವಿಶೇಷಣಗಳು ಸೇರಿದುವು. ಬೆಟ್ಟಗಳ ಮೇಲೆ ಗಾಳಿ ಅಲೆಯಲೆಯಾಗಿ ಹಾಯುವಾಗ ಮೂಡುವ ಮೋಡ 'ಲೆಂಟಿಕ್ಯುಲಾರಿಸ್', ಅಂದರೆ ಚನ್ನಂಗಿ ಬೇಳೆಯಾಕಾರದ್ದು. ಆ ಬೇಳೆಯ ಇನ್ನೊಂದು ಹೆಸರು ಮಸೂರ. ಬೆಳಕಿನ ಪಾಠದಲ್ಲಿ ನಾವು ಓದುವ ಮಸೂರವೂ ಅದೇ ಆಕಾರದಿಂದ ಹೆಸರು ಪಡೆದಿದೆ. ಗುಡುಗುಮೋಡದ ಅಡಿಯಲ್ಲಿ ಜೋಲುವ ಉಬ್ಬುಗಳಿಗೆ 'ಮಮ್ಮ', ಎಂದರೆ ಕೆಚ್ಚಲು, ಎಂದು ಹೆಸರು. ಸಂಸ್ಕೃತದ 'ಪಯೋಧರ' ಶಬ್ದಕ್ಕೂ ಮೋಡ, ಸ್ತನ ಎಂಬ ಎರಡರ್ಥಗಳುಂಟು.

ನಮಗೆ ಮುಖ್ಯವಾದ ಹೆಸರು 'ವಿರ್ಗ'. ಇದರ ಮೂಲಾರ್ಥ ಕೋಲು, ಎಳೆಯ ರೆಂಬೆ. ಮೋಡದಿಂದ ಮಳೆಯ ಎಳೆಗಳು ಇಳಿಬಿದ್ದಂತೆ ಕಂಡರೂ ನೆಲವನ್ನು ಮುಟ್ಟದಿದ್ದರೆ ಅದು ವಿರ್ಗ.

ಇದು ಹೇಗೆ ಆಗುತ್ತದೆ? ಮೇಲೇರುವ ಗಾಳಿ ಕಿಲೋಮೀಟರಿಗೆ ಸುಮಾರು 10 ಡಿಗ್ರಿ ತಣಿಯುತ್ತದೆ; ಅದರ ಇಬ್ಬನಿಬಿಂದು ಸುಮಾರು 2 ಡಿಗ್ರಿ ಇಳಿಯುತ್ತದೆ. ಎರಡರ ಅಂತರವು ಕಿಲೋಮೀಟರಿಗೆ 8 ಡಿಗ್ರಿಯಂತೆ, ಅಂದರೆ 125 ಮೀಟರಿಗೆ ಒಂದು ಡಿಗ್ರಿಯಂತೆ, ಕುಗ್ಗುತ್ತದೆ. ಅಂತರವು ಸೊನ್ನೆಯಾದಲ್ಲಿ ರಾಶಿಮೋಡದ ತಳ. ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಉಷ್ಣತೆ 36 ಡಿಗ್ರಿ, ಇಬ್ಬನಿಬಿಂದು 16 ಡಿಗ್ರಿ ಎಂದಿಟ್ಟುಕೊಳ್ಳೋಣ. ಅಂತರ 20, ಮೋಡದ ತಳ ನೆಲದಿಂದ 2500 ಮೀಟರು ಮೇಲೆ. ಅಷ್ಟು ದೂರ ಒಣಗಾಳಿಯಲ್ಲಿ ಬೀಳುವ ಸಣ್ಣ ಹನಿಗಳು ದಾರಿಯಲ್ಲಿಯೇ ಆವಿಯಾಗುತ್ತವೆ. ಅಂತರ 6 ಡಿಗ್ರಿಯಾಗಿದ್ದರೆ ತಳ 750 ಮೀಟರಿಗೆ ಇಳಿದು, ಹನಿ ನೆಲ ಸೇರುವ ಸಂಭವ ಹೆಚ್ಚುತ್ತದೆ.

ಅಮರಕೋಶವು ಮೋಡವನ್ನು ಜಲಧರವೆಂದೂ ವಾರಿದವೆಂದೂ ಕರೆಯುತ್ತದೆ. ಮೊದಲನೆಯದು ನೀರನ್ನು ಧರಿಸಿದ್ದು. ಎರಡನೆಯದು ನೀರನ್ನು ಕೊಡುವಂಥದು. ನಿಘಂಟಿನಲ್ಲಿ ಇವು ಸಮಾನಾರ್ಥಕಗಳು. ಆದರೆ ಶಿಡ್ಲಘಟ್ಟದ ಹಿಪ್ಪುನೇರಳೆ ತೋಟದ ಮೇಲೆ ಎರಡಕ್ಕೂ ಬಹಳ ಅಂತರ. ಜಲಧರವೆಲ್ಲ ವಾರಿದವಾಗದು. ವಿದ್ಯಾರ್ಥಿಗಳು ಮುಂದಿನ ಮೋಡವನ್ನು ಕಂಡಾಗ ಉಷ್ಣತಾಮಾಪಕವನ್ನು ನೋಡಿ, ಲೆಕ್ಕಹಾಕಿ, ಅದಕ್ಕೆ ಯಾವ ಹೆಸರು ಸಲ್ಲುವುದೆಂದು ತಾವೇ ನಿರ್ಣಯಿಸಲಿ.