ಸಿಂಗಳೀಕ ಮತ್ತು ತೊರಕೆ: ಒಂದು ತೌಲನಿಕ ಟಿಪ್ಪಣಿ

ತೌಲನಿಕ ಅಧ್ಯಯನವೆಂದರೆ ಎರಡು ಕೃತಿಗಳ ನಡುವಣ ಸಾದೃಶ್ಯವನ್ನು ಹುಡುಕುವುದಷ್ಟೇ ಎಂಬ ಭಾವನೆ ವಿದ್ಯಾರ್ಥಿಗಳಲ್ಲಿ ಬೇರೂರಿದೆ. ಸಾಹಿತ್ಯದ ಹೊರಗಿನ ಉದಾಹರಣೆಯೊಂದನ್ನು ನೋಡಬಹುದು: ಪಶ್ಚಿಮಘಟ್ಟದ ಸಿಂಗಳೀಕ ಮತ್ತು ಅರಬ್ಬೀ ಸಮುದ್ರದ ಮಾಂಟಾ ತೊರಕೆ. ಎರಡೂ ಅಳಿವಿನಂಚಿನ ಜೀವಿಗಳು.

ಮೊದಲು ಹೆಸರಿನ ವಿಚಾರ. ನೂಲ, ಗಡಹಿಂಗ್ಲಜ ಕಡೆಯ ವಿದ್ಯಾರ್ಥಿಗೆ ಮರಾಠಿಯ ‘ವಾನರ’, ‘ಮಾಕಡ’ಗಳ ಭೇದ ಪರಿಚಿತ, ಕನ್ನಡದಲ್ಲಿ ಅವು ಮುಸುವ ಮತ್ತು ಮಂಗ. ಸಿಂಗಳೀಕವು ಮೈಯೆಲ್ಲ ಕಪ್ಪಾದರೂ ಮುಸುವವಲ್ಲ, ಮಂಗದ ಕುಲದ್ದು. ‘ಸಿಂಹಬಾಲದ ಕೋತಿ’ ಎಂಬುದು ಇಂಗ್ಲಿಷಿನ ಅನುವಾದ. ಮುಖದ ಸುತ್ತಲಿನ ನರೆಗೇಸರವನ್ನು ಕಂಡು ಇಟ್ಟ ಹೆಸರೆಂದು ಹಲವರು ತಿಳಿಯುವುದುಂಟು. ನಿಜವಾದ ಕಾರಣ ಬಾಲದ ತುದಿಯ ಕುಚ್ಚು. (ಸಿಂಗಳೀಕವೆಂಬ ಸೊಗಸಾದ ಮಾತಿರುವಾಗ ಅನುವಾದದ ಹಂಗೇಕೋ!) ತೊರಕೆ ಕರಾವಳಿಯ ಶಬ್ದ; ಮರಾಠಿಯಲ್ಲಿ ‘ಪಾಕಟ’. ಮಾಂಟಾ ಎಂದರೆ ಸ್ಪ್ಯಾನಿಷ್ ಭಾಷೆಯಲ್ಲಿ ಕಂಬಳಿ. ಏಳು ಮೀಟರಿನವರೆಗೂ ರೆಕ್ಕೆ ಹರಡಬಲ್ಲ ಮೀನಿಗೆ ಅದು ಒಪ್ಪುವ ಹೆಸರೇ.

ಇವುಗಳ ಮುಖ್ಯ ಸಾಮ್ಯವು ರೂಪದಲ್ಲಿಲ್ಲ, ಸಂತಾನಕ್ರಮದಲ್ಲಿದೆ. ಸಿಂಗಳೀಕ ಸಾಮಾನ್ಯವಾಗಿ ಒಮ್ಮೆಗೆ ಒಂದೇ ಮರಿ ಹಾಕುತ್ತದೆ. ಮುಂದಿನದಕ್ಕೆ ಎರಡು ಮೂರು ವರ್ಷಗಳಾಗುತ್ತವೆ. ಲಕ್ಷಗಟ್ಟಲೆ ಮೊಟ್ಟೆಯಿಡುವ ಬಂಗುಡೆಯಂತಲ್ಲದೆ ಮಾಂಟಾವೂ ಸುಮಾರು ಒಂದು ವರ್ಷ ಗರ್ಭ ಹೊತ್ತು ಒಂದೇ ಮರಿಯನ್ನು ಈಯುತ್ತದೆ. ಆದ್ದರಿಂದ ಸತ್ತ ಒಂದೊಂದು ಹೆಣ್ಣಿನ ಸ್ಥಾನವೂ ಬಹುಕಾಲ ಬರಿದಾಗಿಯೇ ಉಳಿಯುತ್ತದೆ.

ಇಲ್ಲಿಂದ ಮುಂದೆ ಹೋಲಿಕೆ ಒಡೆಯುತ್ತದೆ. ಸಿಂಗಳೀಕವು ಮರದ ಮೇಲಿನ ಜೀವಿ. ರಸ್ತೆಯೋ ತೋಟವೋ ಕಾಡನ್ನು ಸೀಳಿದರೆ ಗುಂಪು ಆಚೆ ದಾಟಲಾರದು. ಅದಕ್ಕೆ ಗಡಿ ಹಾಕಿದ ಕಾಡೇ ರಕ್ಷೆ. 2011ರಲ್ಲಿ ಅಘನಾಶಿನಿ ಸಂರಕ್ಷಿತ ಪ್ರದೇಶ, 2019ರಲ್ಲಿ ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯ ರೂಪುಗೊಂಡದ್ದು ಹೀಗೆ. ಆ ಅಭಯಾರಣ್ಯದೊಳಗೇ ಈಗ ಪಂಪ್ಡ್ ಸ್ಟೋರೇಜ್ ವಿದ್ಯುತ್ ಯೋಜನೆಯ ಪ್ರಸ್ತಾವವಿದೆ.

ತೊರಕೆಗೆ ಗಡಿಯಿಲ್ಲ. 2020ರ ಅಕ್ಟೋಬರಿನಲ್ಲಿ ಮಲ್ಪೆಯ ದೋಣಿಯೊಂದರ ಬಲೆಗೆ ಎರಡು ಮಾಂಟಾಗಳು ಬಿದ್ದವು. ದೊಡ್ಡದರ ತೂಕ ಸುಮಾರು 750 ಕಿಲೋ. ಬಲೆ ಬೀಸಿದವರು ಅರಸಿ ಹೋದದ್ದು ಬೇರೆ ಮೀನನ್ನೇ ಇರಬಹುದು. ಬಲೆಗೆ ಆ ವಿವೇಚನೆಯಿಲ್ಲ. ಇದರ ಕಿವಿರುಗಳಿಗೆ ಚೀನಾದಲ್ಲಿ ಔಷಧಿಯ ಹೆಸರಿನ ಬೇಡಿಕೆಯುಂಟು. 2013ರಲ್ಲಿ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿಯಂತ್ರಣ ಬಂದಿತಾದರೂ ಬಲೆಗೆ ಬಿದ್ದ ಮೀನನ್ನು ಮರಳಿ ಕಡಲಿಗೆ ಬಿಡುವ ನಿರ್ಧಾರ ದೋಣಿಯ ಮೇಲೆಯೇ ಆಗಬೇಕು.