ಇಂದಿನ ಧಮ್ಮ ಚಿಂತನೆ: ಮೊದಲು ಕಿವಿ, ಆಮೇಲೆ ಮಾತು



ಆಪ್ತಸಮಾಲೋಚನೆ ಅಂದರೆ ಏನು, ಓದಿಕೊಂಡವರು ಮಾತ್ರ ಮಾಡಬೇಕಾ ಎಂದು ಬಳಗದ ಕೆಲವರು ಕೇಳಿದ್ದಿರಿ. ಇವತ್ತು ಅದರ ತಳಪಾಯವನ್ನಷ್ಟೇ ನೋಡೋಣ. ನನ್ನದೇ ಒಂದು ತಪ್ಪಿನಿಂದ ಶುರು ಮಾಡುತ್ತೇನೆ.

ಕೆಲವು ವರ್ಷಗಳ ಹಿಂದೆ ಎಂಟನೇ ತರಗತಿಯ ನಮ್ಮ ಹುಡುಗಿಯೊಬ್ಬಳು "ಸಾರ್, ನಾಳೆಯಿಂದ ಶಾಲೆಗೆ ಬರಲ್ಲ" ಎಂದು ಅತ್ತಳು. ನಾನು ಕಾರಣ ಕೇಳಲಿಲ್ಲ. "ಬಾಬಾಸಾಹೇಬರು ಮನೆಯಿಂದ ತಂದ ಗೋಣಿತಟ್ಟಿನ ಮೇಲೆ ಮೂಲೆಯಲ್ಲಿ ಕೂತು ಓದಿದರು. ನೀನು ಇಷ್ಟಕ್ಕೇ ಅಳ್ತೀಯಾ?" ಎಂದೆ. ಅವಳು ಕಣ್ಣೊರೆಸಿಕೊಂಡು ಹೋದಳು. ಬುದ್ಧಿ ಹೇಳಿದೆ ಎಂಬ ಸಮಾಧಾನ ನನಗೆ.

ತಿಂಗಳುಗಳ ನಂತರ ಅವಳ ತಾಯಿ ವಿಷಯ ಹೇಳಿದರು. ಗೆಳತಿಯ ಮನೆಯಲ್ಲಿ ಅವಳಿಗೆ ಬೇರೆ ಲೋಟದಲ್ಲಿ ನೀರು ಕೊಟ್ಟಿದ್ದರು. ಮಾರನೇ ದಿನ ತರಗತಿಯಲ್ಲಿ ಅದೇ ನಗೆಯ ಮಾತಾಗಿತ್ತು. ಬಾಬಾಸಾಹೇಬರಿಗೆ ಚೆನ್ನಾಗಿ ಅರ್ಥವಾಗುತ್ತಿದ್ದ ನೋವನ್ನೇ ಅವಳು ನನಗೆ ಹೇಳಲು ಬಂದಿದ್ದಳು. ಆಸರೆಯಾಗಬೇಕಿದ್ದ ಅವರ ಬದುಕನ್ನು ನಾನು ಅವಳ ಬಾಯಿ ಮುಚ್ಚಿಸಲು ಬಳಸಿದ್ದೆ.

ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ 1957ರಲ್ಲಿ ಬರೆದ ಲೇಖನವೊಂದು ಇಂದಿಗೂ ಸಮಾಲೋಚನೆ ಕಲಿಯುವವರ ಮೊದಲ ಪಾಠ. ನೊಂದವರು ಬದಲಾಗಲು ಕೇಳುವವರಲ್ಲಿ ಮುಖ್ಯವಾಗಿ ಮೂರು ಗುಣ ಇರಬೇಕು ಎನ್ನುತ್ತಾರೆ ಅವರು.

*1. ಪರಾನುಭೂತಿ:* "ಅಯ್ಯೋ ಪಾಪ" ಅನ್ನುವುದು ಮೇಲಿನಿಂದ ನೋಡುವ ಕನಿಕರ. ಅವರ ಜಾಗದಲ್ಲಿ ನಿಂತು ನೋಡುವುದು ಪರಾನುಭೂತಿ.

*2. ಷರತ್ತಿಲ್ಲದ ಸ್ವೀಕಾರ:* "ನೀನು ಧೈರ್ಯವಾಗಿದ್ದರೆ ಮಾತ್ರ ನಮ್ಮವಳು" ಎಂಬ ಷರತ್ತು ಬೇಡ. ಅಳುವವರಿಗೂ ಜಾಗ ಇರಲಿ.

*3. ಪ್ರಾಮಾಣಿಕತೆ:* ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನುವುದು. ನಾಟಕ ಬೇಡ.

ಅದೇ 1957ರಲ್ಲಿ ಬಾಬಾಸಾಹೇಬರ 'ಬುದ್ಧ ಮತ್ತು ಆತನ ಧಮ್ಮ' ಪ್ರಕಟವಾಯಿತು. ದುಃಖಿತರನ್ನು ಸಂತೈಸಿದ ಬುದ್ಧನನ್ನು ತೋರಿಸುವಾಗ ಅವರು ಕಿಸಾಗೋತಮಿಯ ಕಥೆ ಹೇಳುತ್ತಾರೆ. ಸತ್ತ ಮಗುವನ್ನು ಎತ್ತಿಕೊಂಡು ಔಷಧಿ ಕೇಳುತ್ತ ಬಂದ ಅವಳಿಗೆ ಭಗವಾನರು ಉಪದೇಶ ಮಾಡಲಿಲ್ಲ, ಹುಚ್ಚಿ ಎಂದು ಅಟ್ಟಲೂ ಇಲ್ಲ. ಸಾವಿಲ್ಲದ ಮನೆಯಿಂದ ಸಾಸಿವೆ ತರಲು ಹೇಳಿದರು. ಮನೆಮನೆಯ ದುಃಖ ಕೇಳುತ್ತ ಕೇಳುತ್ತ ಸತ್ಯ ಅವಳಿಗೇ ತಿಳಿಯಿತು. ಸಮಾಲೋಚನೆಯ ನಡೆಯೂ ಇದೇ: ದಾರಿ ನಡೆಯುವವರು ಅವರು, ನಾವು ಜೊತೆಗಿರುವವರು.

ಇಲ್ಲಿ ನಾವು ಎರಡು ಎಚ್ಚರ ಇಟ್ಟುಕೊಳ್ಳಬೇಕು. ನೊಂದವರಿಗೆ "ಇದು ನಿನ್ನ ಪೂರ್ವಜನ್ಮದ ಕರ್ಮ" ಎನ್ನಬಾರದು. ಆ ವಾದವನ್ನು ಬಾಬಾಸಾಹೇಬರು ತಿರಸ್ಕರಿಸಿದ್ದಾರೆ. ಹಾಗೆಯೇ, ಅವಮಾನ ಮಾಡಿದವರನ್ನು ಬಿಟ್ಟು ಅವಮಾನಿತರಿಗೆ ಮಾತ್ರ "ಹೊಂದಿಕೊಂಡು ಹೋಗು" ಎನ್ನುವುದೂ ಧಮ್ಮವಲ್ಲ. ಆ ಹುಡುಗಿಯ ಮಾತನ್ನು ಕೇಳುವುದು ಒಂದು ಕೆಲಸ, ತರಗತಿಯಲ್ಲಿ ಆ ನಗೆಯನ್ನು ನಿಲ್ಲಿಸುವುದು ಇನ್ನೊಂದು. ಎರಡೂ ನನ್ನವೇ ಆಗಿದ್ದವು.

ಕೇಳಿದ್ದನ್ನು ಗುಟ್ಟಾಗಿಡಿ. ಆದರೆ ಜೀವಕ್ಕೆ ಅಪಾಯವಿದ್ದರೆ ಗುಟ್ಟಿಗಿಂತ ಜೀವ ದೊಡ್ಡದು. "ಸಾಯಬೇಕು ಅನ್ನಿಸುತ್ತಿದೆಯಾ?" ಎಂದು ನೇರವಾಗಿ, ಮೆಲ್ಲಗೆ ಕೇಳಿ. ಹಾಗೆ ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಎಂಬ ಭಯ ತಪ್ಪು. ಹೌದು ಎಂದರೆ ಒಂಟಿಯಾಗಿ ಬಿಡಬೇಡಿ. ನಾವು ವೈದ್ಯರಲ್ಲ, ವೈದ್ಯರ ತನಕ ಕೈಹಿಡಿದು ಕರೆದೊಯ್ಯುವವರು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ *14416* ಉಚಿತ, ದಿನದ 24 ಗಂಟೆಯೂ ಇದೆ, ಕನ್ನಡದಲ್ಲೇ ಮಾತಾಡಬಹುದು.

*ಇಂದಿನ ಅಭ್ಯಾಸ:* ಮನೆಯಲ್ಲಿ ಒಬ್ಬರ ಮಾತನ್ನು ಹತ್ತು ನಿಮಿಷ ಕೇಳಿ. ನಡುವೆ ಬಾಯಿ ಹಾಕಬೇಡಿ, ಸಲಹೆ ಬೇಡ, ಫೋನ್ ದೂರವಿರಲಿ. ಕೊನೆಗೆ "ನಾನು ಅರ್ಥ ಮಾಡಿಕೊಂಡದ್ದು ಹೀಗೆ, ಸರಿಯಾ?" ಎಂದು ಕೇಳಿ. ಎಷ್ಟು ಸಲ ನಾಲಿಗೆ ಕಚ್ಚಿಕೊಳ್ಳಬೇಕಾಯಿತು ಎಂದು ಭಾನುವಾರದ ಓದಿನಲ್ಲಿ ಹೇಳೋಣ.

ಆ ಹುಡುಗಿ ಶಾಲೆ ಬಿಡಲಿಲ್ಲ. ಅದು ಅವಳ ತಾಯಿಯ ಪುಣ್ಯ, ನನ್ನದಲ್ಲ.

ಭವತು ಸಬ್ಬ ಮಂಗಲಂ. ಜೈ ಭೀಮ್ 🙏