ಅಯಾನುಗಳ ಅಗ್ನಿಪರೀಕ್ಷೆ

ಬೇಲೂರಿನ ಜಕಣಾಚಾರಿಯ ಕಥೆಯನ್ನು ಕೇಳದವರು ಕನ್ನಡ ನಾಡಿನಲ್ಲಿ ವಿರಳ. ಅವನು ಕಡೆದ ವಿಗ್ರಹದ ಶಿಲೆಯಲ್ಲಿ ದೋಷವಿದೆಯೆಂದು ತರುಣನೊಬ್ಬನು ನುಡಿದನಂತೆ. ವಿಗ್ರಹಕ್ಕೆಲ್ಲ ಗಂಧವನ್ನು ಲೇಪಿಸಿದಾಗ ಹೊಕ್ಕುಳಿನ ಭಾಗವೊಂದನ್ನುಳಿದು ಮಿಕ್ಕೆಡೆಯೆಲ್ಲ ಅದು ಒಣಗಿತು. ಅಲ್ಲಿ ಉಳಿ ತಾಗಿದೊಡನೆ ಕಲ್ಲಿನ ಒಡಲಿನಿಂದ ನೀರೂ ಕಪ್ಪೆಯೂ ಹೊರಬಂದುವು. ಆ ತರುಣನೇ ಅವನ ಮಗ ಡಂಕಣಾಚಾರಿ. ಇದು ಇತಿಹಾಸವಲ್ಲ, ಐತಿಹ್ಯ. ಆದರೂ ಇದರಲ್ಲಿರುವ ವಿವೇಕ ಸತ್ಯವಾದುದು. ಕಣ್ಣಿಗೆ ಕಾಣದ ದೋಷವನ್ನು ಪ್ರತಿಷ್ಠೆಗೆ ಮೊದಲೇ ಕಂಡುಹಿಡಿಯಬೇಕು.

ಬೇಲೂರು, ಹಳೇಬೀಡು, ಅರಸೀಕೆರೆಗಳಿಂದ ಬರುವ ದಾರಿಗಳು ಹಾಸನದಲ್ಲಿ ಕೂಡುತ್ತವೆ. ಅಲ್ಲಿ ಇಸ್ರೋ ಸಂಸ್ಥೆಯು ೧೯೮೨ರಲ್ಲಿ ಸ್ಥಾಪಿಸಿದ ಮುಖ್ಯ ನಿಯಂತ್ರಣ ಕೇಂದ್ರವಿದೆ. ಅದರ ಬೃಹತ್ತಾದ ಆಂಟೆನಾಗಳು ಸುಮಾರು ೩೬,೦೦೦ ಕಿಲೋಮೀಟರ್ ಎತ್ತರದಲ್ಲಿರುವ ಉಪಗ್ರಹಗಳೊಡನೆ ಹಗಲಿರುಳೂ ಸಂಪರ್ಕವಿಟ್ಟುಕೊಂಡಿರುತ್ತವೆ. ದೂರದರ್ಶನದ ಪ್ರಸಾರ, ಚಂಡಮಾರುತದ ಮುನ್ಸೂಚನೆ ಮೊದಲಾದುವು ಇಂತಹ ಉಪಗ್ರಹಗಳನ್ನು ಅವಲಂಬಿಸಿವೆ. ನೆಲದಿಂದ ಅವುಗಳಿಗೆ ಆದೇಶವನ್ನು ಕಳುಹಿಸಬಹುದು. ಆದರೆ ಕೆಟ್ಟುಹೋದ ಭಾಗವನ್ನು ಬದಲಾಯಿಸಲು ಕುಶಲಕರ್ಮಿಯನ್ನು ಕಳುಹಿಸಲಾಗದು.

ಹಾಗಾದರೆ ಆ ಎತ್ತರದಲ್ಲಿ ಉಪಗ್ರಹಕ್ಕೆ ಒದಗುವ ಅಪಾಯವೇನು? ೧೯೧೨ರಲ್ಲಿ ವಿಕ್ಟರ್ ಹೆಸ್ ಎಂಬ ವಿಜ್ಞಾನಿ ಬಲೂನಿನಲ್ಲಿ ಮೇಲೇರಿ, ಆಕಾಶದಿಂದ ವಿಕಿರಣವು ಭೂಮಿಯತ್ತ ಬರುತ್ತಿರುವುದನ್ನು ಕಂಡುಕೊಂಡನು. ಇವೇ ವಿಶ್ವಕಿರಣಗಳು. ಇವುಗಳಲ್ಲಿ ಬಹುಪಾಲು ಪ್ರೋಟಾನುಗಳು. ಅಲ್ಪಪ್ರಮಾಣದಲ್ಲಿ ಕಬ್ಬಿಣದಂತಹ ಭಾರವಾದ ಧಾತುಗಳ ನ್ಯೂಕ್ಲಿಯಸ್ಸುಗಳೂ ಇರುತ್ತವೆ. ಸಂಖ್ಯೆಯಲ್ಲಿ ಕಡಿಮೆಯಾದರೂ ಇವುಗಳ ಪ್ರಭಾವ ದೊಡ್ಡದು. ಕಣವೊಂದು ತನ್ನ ಹಾದಿಯಲ್ಲಿ ಕಳೆದುಕೊಳ್ಳುವ ಶಕ್ತಿಯು ಅದರ ವಿದ್ಯುದಾವೇಶದ ವರ್ಗಕ್ಕೆ ಅನುಗುಣವಾಗಿರುತ್ತದೆ. ಕಬ್ಬಿಣದ ನ್ಯೂಕ್ಲಿಯಸ್ಸಿನ ಆವೇಶ ಪ್ರೋಟಾನಿನ ೨೬ರಷ್ಟು. ಆದುದರಿಂದ ಅಷ್ಟೇ ವೇಗದ ಪ್ರೋಟಾನಿಗಿಂತ ಅದು ಸುಮಾರು ೬೭೬ ಪಟ್ಟು ಹೆಚ್ಚು ಶಕ್ತಿಯನ್ನು ತನ್ನ ಹಾದಿಯಲ್ಲಿ ಬಿಟ್ಟುಹೋಗುತ್ತದೆ.

ಉಪಗ್ರಹದ ಗಣಕಯಂತ್ರವು ಸಿಲಿಕಾನಿನ ಚಿಪ್‌ಗಳಿಂದಾದುದು. ಅದು ಎಲ್ಲ ವಿಷಯವನ್ನೂ ೦ ಮತ್ತು ೧ ಎಂಬ ಎರಡೇ ಅಂಕಿಗಳಲ್ಲಿ ನೆನಪಿಡುತ್ತದೆ. ಭಾರವಾದ ಕಣವೊಂದು ಚಿಪ್ಪಿನೊಳಗೆ ಹಾಯ್ದಾಗ ಅದರ ಹಾದಿಯುದ್ದಕ್ಕೂ ಎಲೆಕ್ಟ್ರಾನುಗಳು ಬಿಡುಗಡೆಯಾಗಿ, ಕ್ಷಣಾರ್ಧದಲ್ಲಿ ಒಂದು ಅಂಕಿ ಮತ್ತೊಂದಾಗಬಹುದು. ೫ನ್ನು ಸೂಚಿಸುವ ೦೧೦೧ ಎಂಬುದರ ಮೊದಲ ಅಂಕಿ ಮಗುಚಿದರೆ ಅದು ೧೧೦೧, ಅಂದರೆ ೧೩ ಆಗುತ್ತದೆ. ಚಿಪ್ ಕೆಟ್ಟಿಲ್ಲ, ಆದರೆ ಅದರ ನೆನಪು ಸುಳ್ಳಾಗಿದೆ. ಇದಕ್ಕಿಂತ ಭೀಕರವಾದ ಇನ್ನೊಂದು ಪರಿಣಾಮವೂ ಉಂಟು. ಕಣದ ಹೊಡೆತದಿಂದ ಚಿಪ್ಪಿನಲ್ಲಿ ಅಡ್ಡದಾರಿಯೊಂದು ತೆರೆದು ವಿದ್ಯುತ್ತು ಮಿತಿಮೀರಿ ಹರಿಯತೊಡಗುತ್ತದೆ. ಕೂಡಲೇ ವಿದ್ಯುತ್ತನ್ನು ನಿಲ್ಲಿಸದಿದ್ದರೆ ಚಿಪ್ ಸುಟ್ಟುಹೋಗಬಹುದು.

೧೯೭೫ರಲ್ಲಿ ಬೈಂಡರ್, ಸ್ಮಿತ್, ಹೋಲ್ಮನ್ ಎಂಬ ಅಮೆರಿಕದ ಸಂಶೋಧಕರು ಸಂಪರ್ಕ ಉಪಗ್ರಹಗಳಲ್ಲಿ ಕಂಡುಬಂದ ಕೆಲವು ವಿಚಿತ್ರ ವರ್ತನೆಗಳಿಗೆ ವಿಶ್ವಕಿರಣಗಳೇ ಕಾರಣವೆಂದು ತಿಳಿಸಿದರು. ದಪ್ಪನೆಯ ಲೋಹದ ಕವಚವನ್ನು ತೊಡಿಸಿದರೂ ಅತಿ ಶಕ್ತಿಯುತವಾದ ಕಣಗಳನ್ನು ಪೂರ್ಣವಾಗಿ ತಡೆಯಲಾಗದು. ಆದಕಾರಣ ಯಾವ ಚಿಪ್ ಎಷ್ಟು ತಾಳಬಲ್ಲದೆಂಬುದನ್ನು ನೆಲದ ಮೇಲೆಯೇ ಪರೀಕ್ಷಿಸಬೇಕಾಯಿತು.

ನವದೆಹಲಿಯ ಅಂತರ ವಿಶ್ವವಿದ್ಯಾಲಯ ವೇಗೋತ್ಕರ್ಷಕ ಕೇಂದ್ರದಲ್ಲಿ ಪೆಲೆಟ್ರಾನ್ ಎಂಬ ಯಂತ್ರವಿದೆ. ಅದರ ನಡುಭಾಗವನ್ನು ೧೫ ದಶಲಕ್ಷ ವೋಲ್ಟುಗಳಷ್ಟು ಧನವಿಭವಕ್ಕೆ ಏರಿಸುವಂತೆ ಅದನ್ನು ರೂಪಿಸಲಾಗಿದೆ. ಋಣ ಅಯಾನುಗಳು ಅದರ ಆಕರ್ಷಣೆಗೆ ಸಿಕ್ಕಿ ಧಾವಿಸುತ್ತವೆ. ನಡುವೆ ತೆಳುವಾದ ಹಾಳೆಯನ್ನು ಹಾಯುವಾಗ ಎಲೆಕ್ಟ್ರಾನುಗಳನ್ನು ಕಳೆದುಕೊಂಡು ಧನ ಅಯಾನುಗಳಾಗುತ್ತವೆ. ಮೊದಲು ಸೆಳೆದ ವಿಭವವೇ ಈಗ ಅವುಗಳನ್ನು ಮುಂದಕ್ಕೆ ತಳ್ಳುತ್ತದೆ.

ಹೀಗೆ ವೇಗಗೊಂಡ ಅಯಾನುಗಳ ಧಾರೆಗೆ ಚಿಪ್ಪನ್ನು ಒಡ್ಡುತ್ತಾರೆ. ಈ ಅಯಾನುಗಳು ಹೆಚ್ಚು ಆಳಕ್ಕೆ ಇಳಿಯಲಾರವಾದುದರಿಂದ ಚಿಪ್ಪಿನ ಮೇಲುಹೊದಿಕೆಯನ್ನು ಮೊದಲೇ ತೆಗೆದು, ಅದನ್ನು ನಿರ್ವಾತ ಕೋಣೆಯಲ್ಲಿ ಇಡುತ್ತಾರೆ. ತಿಳಿದ ಅಂಕಿಗಳನ್ನು ಅದರಲ್ಲಿ ಬರೆದು, ಅಯಾನುಗಳು ಬಡಿಯುತ್ತಿರುವಾಗಲೇ ಮತ್ತೆ ಓದಿ, ಎಷ್ಟು ಅಂಕಿಗಳು ಮಗುಚಿದುವೆಂದು ಎಣಿಸುತ್ತಾರೆ. ವಿದ್ಯುತ್ಪ್ರವಾಹ ಏರಿದೊಡನೆ ಅದನ್ನು ಕಡಿದುಹಾಕುತ್ತಾರೆ. ಹಗುರವಾದ ಅಯಾನಿನಿಂದ ಭಾರವಾದುದಕ್ಕೆ ಸಾಗುತ್ತ, ದೋಷವು ಯಾವ ಮಟ್ಟದಲ್ಲಿ ತಲೆದೋರುತ್ತದೆಂಬುದನ್ನು ನಿರ್ಧರಿಸುತ್ತಾರೆ.

ಪರೀಕ್ಷೆಯಲ್ಲಿ ಸೋತ ಚಿಪ್ಪನ್ನು ಕೈಬಿಡಬಹುದು. ಇಲ್ಲವೆ ರಕ್ಷಣೆ ಒದಗಿಸಬಹುದು. ಒಂದೇ ಲೆಕ್ಕವನ್ನು ಮೂರು ಮಂಡಲಗಳಿಂದ ಮಾಡಿಸಿ, ಎರಡು ಒಪ್ಪಿದ ಉತ್ತರವನ್ನು ಸ್ವೀಕರಿಸುವುದು ಅಂತಹ ಒಂದು ಉಪಾಯ.

ತಾನೇ ನಿರ್ಮಿಸಿದುದನ್ನು ತಾನೇ ಸೋಲಿಸಲು ಯತ್ನಿಸುವುದು ಸುಲಭವಾದ ಕಾರ್ಯವಲ್ಲ. ಆದರೆ ಪ್ರಯೋಗಶಾಲೆಯಲ್ಲಿ ಬಯಲಾದ ದೋಷವನ್ನು ತಿದ್ದಬಹುದು. ಆಕಾಶದಲ್ಲಿ ಬಯಲಾದ ದೋಷಕ್ಕೆ ಇಡೀ ದೇಶವೇ ಬೆಲೆ ತೆರಬೇಕಾಗುತ್ತದೆ. ತನ್ನ ಕೃತಿಯ ಕೊರತೆಯನ್ನು ಧೈರ್ಯದಿಂದ ಹುಡುಕುವವನೇ ನಂಬಿಕೆಗೆ ಅರ್ಹನಾದ ನಿರ್ಮಾಪಕ.

ಅಭ್ಯಾಸ
೧. ಸಂಖ್ಯೆಯಲ್ಲಿ ಕಡಿಮೆಯಾದರೂ ಭಾರವಾದ ನ್ಯೂಕ್ಲಿಯಸ್ಸುಗಳು ಹೆಚ್ಚು ಅಪಾಯಕಾರಿ ಏಕೆ?
೨. ಚಿಪ್ಪನ್ನು ಪರೀಕ್ಷಿಸುವ ಕ್ರಮವನ್ನು ವಿವರಿಸಿರಿ.
೩. ೦೧೧೦ ಎಂಬುದರ ಮೊದಲ ಅಂಕಿ ಮಗುಚಿದರೆ ದೊರೆಯುವ ಸಂಖ್ಯೆ ಯಾವುದು?